ಸಿಟ್ಟು ಬಾರದ ಬಸವಲಿಂಗಪ್ಪ

ಬಸವಲಿಂಗಪ್ಪನಿಗೆ ಸಿಟ್ಟೇ ಬರುವುದಿಲ್ಲ ಎಂಬ ಮಾತು ತೆಲಂಗಾಣ ಗಡಿಯ ನಾರಾಯಣಖೇಡದ ಆಚೆಯ ನಾಲ್ಕು ಊರಿಗೆ ಗೊತ್ತಿತ್ತು. ಅದು ಶುದ್ಧ ಸುಳ್ಳು. ಅವನಷ್ಟು ಸಿಟ್ಟಿನ ಮನುಷ್ಯ ಆ ಸೀಮೆಯಲ್ಲೇ ಇರಲಿಲ್ಲ. ಐವತ್ತೈದು ವರ್ಷ ಜೇನು ಸಾಕಿದವನು, ಜೇನಿಗಾಗಿ ಸಿಟ್ಟು ನುಂಗಿಕೊಂಡು ಬಂದವನು, ಅಷ್ಟೇ. ನುಂಗಿದ್ದು ಹೊಟ್ಟೆಯಲ್ಲಿ ಕರಗಿತು ಎಂದು ಜನ ತಿಳಿದರು. ಜನಕ್ಕೇನು, ಹೊಟ್ಟೆ ಅವರದಲ್ಲವಲ್ಲ.

ಜೇನುಹುಳಕ್ಕೆ ಮನುಷ್ಯನ ಸಿಟ್ಟು ಗೊತ್ತಾಗುತ್ತದೆ. ಸಿಟ್ಟಾದವನ ಬೆವರಿನ ವಾಸನೆ ಬೇರೆ, ಉಸಿರು ಬಿಸಿ, ಕೈ ಒರಟು. ಅಂಥವನು ಜೇನುಪೆಟ್ಟಿಗೆಯ ಮುಚ್ಚಳ ಎತ್ತಿದರೆ ಹುಳ ಸುಮ್ಮನಿರುವುದಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಅವನಿಗೆ ಎರಡು ಪೆಟ್ಟಿಗೆ ಕೊಟ್ಟು ಕೆಲಸ ಕಲಿಸಿದ ಮಾಸ್ತರರು ಇದನ್ನು ಹೇಳಿದಾಗ ಬಸವಲಿಂಗಪ್ಪ ನಕ್ಕಿದ್ದ. ಎರಡು ವರ್ಷದ ಮೇಲೆ ಆ ನಗು ಇಳಿಯಿತು. ಹೊಲದ ಬದುವಿನ ಸಲುವಾಗಿ ಅಣ್ಣನ ಜೊತೆ ಜಗಳಾಡಿ ಬಂದವನು ಅದೇ ಬಿಸಿಯಲ್ಲಿ ಪೆಟ್ಟಿಗೆ ತೆಗೆದ. ಒಳಗಿನದನ್ನು ಒರಟಾಗಿ ಎಳೆದ. ಹುಳ ತುಂಬಿದ ಎರಿಯ ಚೌಕಟ್ಟು ಜಾರಿ ಕಲ್ಲಿನ ಮೇಲೆ ಬಿತ್ತು. ಅಲ್ಲೇ ಹತ್ತು ಹೆಜ್ಜೆಯಲ್ಲಿ, ಹೊಂಗೆ ಗಿಡದ ಕೊಂಬೆಗೆ ಕಟ್ಟಿದ ಜೋಳಿಗೆಯಲ್ಲಿ ನಾಲ್ಕು ತಿಂಗಳ ಕೂಸು ಪ್ರಫುಲ್ಲಾ ಮಲಗಿತ್ತು. ಹುಳ ಅತ್ತ ತಿರುಗಿದವು. ಕಳೆ ತೆಗೆಯುತ್ತಿದ್ದ ಹೆಂಡತಿ ಗುರುಬಾಯಿ ಓಡಿ ಬಂದವಳೇ ಕೂಸನ್ನು ಎದೆಗೆ ಅವುಚಿಕೊಂಡು ನೆಲಕ್ಕೆ ಬೋರಲು ಬಿದ್ದಳು. ಕೂಸಿಗೆ ಒಂದು ಮುಳ್ಳೂ ತಾಗಲಿಲ್ಲ. ಗುರುಬಾಯಿಯ ಬೆನ್ನು, ಕುತ್ತಿಗೆಯಿಂದ ಬಸವಲಿಂಗಪ್ಪ ನಲವತ್ತಮೂರು ಮುಳ್ಳು ಉಗುರಿನಿಂದ ಕೆರೆದು ತೆಗೆದ.

ಮೂರು ದಿನ ಅವಳು ಜ್ವರದಲ್ಲಿ ಮಲಗಿದಳು. ನಾಲ್ಕನೆಯ ದಿನ ಎದ್ದು ಕೂತು ಅವನಿಗೆ ಒಂದೇ ಮಾತು ಹೇಳಿದಳು. "ಸಿಟ್ಟ ಬಂದ್ರ ನನ್ನ ಮುಂದ ಮಾಡ್ರಿ. ಹುಳದ ಮುಂದ ಬ್ಯಾಡ."

ಅವತ್ತಿನಿಂದ ಬಸವಲಿಂಗಪ್ಪ ಪೆಟ್ಟಿಗೆಯ ಹತ್ತಿರ ದನಿ ಏರಿಸಲಿಲ್ಲ. ಎರಡಿದ್ದ ಪೆಟ್ಟಿಗೆ ನಲವತ್ತಾದವು. ಕುಸುಬಿ ಹೂವಿಗೊಮ್ಮೆ, ಸೂರ್ಯಕಾಂತಿಗೊಮ್ಮೆ ಎತ್ತಿನ ಗಾಡಿಯಲ್ಲಿ ಅವನ್ನು ಹೊತ್ತು ತಿರುಗಿದ. ಜೇನಿನಲ್ಲೇ ಮಗಳನ್ನೂ ಮಗನನ್ನೂ ಓದಿಸಿದ, ಮದುವೆ ಮಾಡಿದ. ಆರು ವರ್ಷದ ಹಿಂದೆ ಗುರುಬಾಯಿ ತೀರಿಕೊಂಡಾಗ ಅದೇ ಹೊಂಗೆ ಗಿಡದ ಬುಡದಲ್ಲಿ, ತಮ್ಮ ಹೊಲದಲ್ಲೇ, ಅವಳನ್ನು ಮಣ್ಣು ಮಾಡಿ ಗದ್ದುಗೆ ಕಟ್ಟಿಸಿದ. ಪಕ್ಕದಲ್ಲಿ ಒಂದು ಆಳು ಹಿಡಿಸುವಷ್ಟು ಜಾಗ ಬಿಡಿಸಿ, ಇದು ನನ್ನದು ಎಂದು ಮಗನಿಗೆ ತೋರಿಸಿಯೂ ಇಟ್ಟಿದ್ದ. ಅವನಿಗೆ ಈಗ ಎಪ್ಪತ್ತೊಂಬತ್ತು.

ಮೂರು ತಿಂಗಳ ಹಿಂದೆ ಪ್ರಫುಲ್ಲಾ ಅವನನ್ನು ಕಣ್ಣಿನ ಪೊರೆ ತೆಗೆಸಲು ಹೈದರಾಬಾದಿಗೆ ಕರೆತಂದಳು. ಗಂಡ ತಿಪ್ಪೇಸ್ವಾಮಿ ಚಿತ್ರದುರ್ಗದ ಕಡೆಯವನು, ಕುಷಾಯಿಗೂಡದ ಹತ್ತಿರ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಹೊರಡುವಾಗ ಮಗಳೇ ಅಂದಿದ್ದಳು, "ಅಪ್ಪಾ, ಒಂದು ಪೆಟ್ಟಿಗಿ ಸಂಗಾಟ ತಗೊಂಡು ನಡಿ. ಅಲ್ಲಿ ನಿನಗ ಹೊತ್ತು ಹೋಗಬೇಕಲ್ಲಾ." ಅಷ್ಟೊತ್ತಿಗೆ ಊರಲ್ಲಿ ಉಳಿದದ್ದೇ ನಾಲ್ಕು ಪೆಟ್ಟಿಗೆ. ಮೂರನ್ನು ಮಗ ಸುಮಂತನಿಗೆ ಒಪ್ಪಿಸಿ ಒಂದನ್ನು ಜೀಪಿನಲ್ಲಿ ಇಟ್ಟುಕೊಂಡು ಬಂದ. ಮಗಳ ಅಂತಃಕರಣ ನೋಡಿ ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡಿದ್ದ. ಎಂಥ ಪೆದ್ದ ಮುದುಕ.

ಮಹಡಿಯ ಮೇಲೆ ಎರಡು ನೀರಿನ ಟ್ಯಾಂಕಿನ ನಡುವೆ ನಾಲ್ಕು ಇಟ್ಟಿಗೆ, ಅದರ ಮೇಲೆ ಪೆಟ್ಟಿಗೆ. ಕಾರ್ಖಾನೆಯ ಕಾಲೊನಿಯಲ್ಲಿ ಮರಗಳಿಗೆ ಬರವಿರಲಿಲ್ಲ, ಹುಳಕ್ಕೆ ಮೇವು ಸಿಕ್ಕಿತು. ಎಂಟು ದಿನಕ್ಕೊಮ್ಮೆ, ಗುರುವಾರ ಬೆಳಗ್ಗೆ, ಬಸವಲಿಂಗಪ್ಪ ಮುಚ್ಚಳ ತೆಗೆದು ನೋಡುತ್ತಿದ್ದ. ಬೀದಿಯಲ್ಲಿ ಬಂಡಿ ಇಟ್ಟುಕೊಂಡು ಪೇರಲಹಣ್ಣು ಮಾರುವ ಸೂರಜ್ ಒಂದು ದಿನ ಮೇಲಕ್ಕೆ ಬಂದು ನೋಡಿದವನು, "ಚಾಚಾ, ಏಕ್ ಡಬ್ಬಾ ಮೇರೆಕು ಭೀ ದೇವ್ ನಾ" ಎಂದು ತನಗೂ ಒಂದು ಪೆಟ್ಟಿಗೆಗಾಗಿ ಬೆನ್ನು ಹತ್ತಿದ್ದ. ಅವನಿಗೆ ನಗರದ ಹೊರಗೆ ಕೀಸರದ ಆಚೆ ಪೇರಲ ತೋಟವಿತ್ತು. ಇದೊಂದೇ ಇರುವುದು ಎಂದು ಬಸವಲಿಂಗಪ್ಪ ತಲೆ ಅಲ್ಲಾಡಿಸಿದ್ದ.

ಒಂದು ಭಾನುವಾರ ಮೊಮ್ಮಗಳು ಸಂಯುಕ್ತಾ ಬಟ್ಟೆ ಒಣಹಾಕಲು ಮೇಲೆ ಬಂದಳು. ಮಾದಾಪುರದಲ್ಲಿ ಕೆಲಸಕ್ಕೆ ಹೋಗುವ ಹುಡುಗಿ, ಬಾಯಿ ಬಿಟ್ಟರೆ ನಗುವೇ. ಬಸವಲಿಂಗಪ್ಪ ಹುಳಕ್ಕೆ ತಟ್ಟೆಯಲ್ಲಿ ನೀರು ಹಾಕುತ್ತಿದ್ದ.

"ಅಜ್ಜಾ, ಗುರುವಾರ ಪೆಟ್ಟಿಗಿ ತಗೀತಿಯಲ್ಲಾ?"

"ಹೂಂ. ಯಾಕವಾ?"

"ಮಮ್ಮಿ ನಿನಗ ಏನೋ ಹೇಳೋದೈತಂತ. ದೊಡ್ಡ ಮ್ಯಾಟರ್. ಗುರುವಾರದ ತನಕಾ ತಡಿ ಅಂತ ಸುಮಂತಮಾಮಾಗ ಫೋನಿನ್ಯಾಗ ಹೇಳಾಕತ್ತಿದ್ಲು."

"ಇವತ್ತೇ ಹೇಳಲಿ. ಮನ್ಯಾಗೇ ಇದ್ದೀನಲ್ಲಾ."

ಸಂಯುಕ್ತಾ ಕೈಯಲ್ಲಿದ್ದ ಟವೆಲ್ಲು ಕೆಳಗೆ ಬೀಳುವಂತೆ ನಕ್ಕಳು. "ಅಯ್ಯೋ ಅಜ್ಜಾ, ನಿನಗ ಇಷ್ಟೂ ಗೊತ್ತಿಲ್ಲೇನು? ಅಜ್ಜಗ ಏನರ ಹೇಳೂದಿದ್ರ ಪೆಟ್ಟಿಗಿ ತೆಗೆದಾಗ ಹೇಳಬೇಕು, ಆವಾಗ ಅಜ್ಜ ಬೈಯೂದಿಲ್ಲ. ಇದು ನಮ್ಮ ಮನಿ ರೂಲು! ಮಾಮಾ ಸಣ್ಣಾಂವ ಇದ್ದಾಗ ಕಂಡು ಹಿಡದಾನಂತ. ನಾನೂ ನಾ ಮೆಚ್ಚಿದ ಆ ಹುಡುಗ ತರುಣನ ವಿಷಯ ಹಂಗ ಅಲ್ಲಾ ಹೇಳಿದ್ದು? ನೀ ಬರೇ 'ಹೂಂ, ಆಗಲಿ' ಅಂದಿ. ಸೂಪರ್ ಅಜ್ಜ ನೀ."

ಬಸವಲಿಂಗಪ್ಪನೂ ನಕ್ಕ. ಹುಡುಗಿಯ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಅವಳು ಮನೆಯಲ್ಲಿ ಕಲಿಸಿದ್ದನ್ನು ಕಲಿತವಳು. "ಶಾಣ್ಯಾ ಮಂದಿ ಅದೀರವಾ" ಎಂದು ಅವಳ ಬೆನ್ನು ತಟ್ಟಿದ. ಅವಳು ಕೆಳಗಿಳಿದು ಹೋದ ಮೇಲೆ ಅಲ್ಲೇ ಟ್ಯಾಂಕಿಗೆ ಒರಗಿ ಕುಳಿತ.

ಇಷ್ಟು ವರ್ಷ ಅದನ್ನು ಅವನು ತನ್ನ ಹಣೆಬರಹ ಎಂದುಕೊಂಡಿದ್ದ. ಪೆಟ್ಟಿಗೆ ತೆಗೆದಾಗಲೇ ಯಾಕೋ ಕೆಟ್ಟ ಸುದ್ದಿ ಬರುತ್ತದೆ ಎಂದು ಊರವರ ಹತ್ತಿರ ಹೇಳಿಕೊಂಡೂ ಇದ್ದ. ಮಗ ಕಾಲೇಜು ಬಿಟ್ಟು ಬಂದದ್ದು ತಿಳಿದದ್ದು ಹಾಗೆ. ಬಾವಿಯ ದಂಡೆಯ ಬೇವಿನ ಮರವನ್ನು ಮಗ ಕೇಳದೇ ಕಡಿಸಿ ಮಾರಿದ್ದು ತಿಳಿದದ್ದು ಹಾಗೆ. ಮೂಡಲ ಹೊಲವನ್ನು ಹತ್ತಿ ಬೆಳೆಯುವವನಿಗೆ ಲಾವಣಿ ಗುತ್ತಿಗೆಗೆ ಕೊಟ್ಟೆ ಎಂದು ಸುಮಂತ ಹೇಳಿದಾಗ ಇವನ ಎರಡೂ ಕೈಯಲ್ಲಿ ಹುಳ ತುಂಬಿದ ಚೌಕಟ್ಟಿತ್ತು. ಉಸಿರು ಬಿಗಿಹಿಡಿದು ಅದನ್ನು ಒಳಗಿಟ್ಟ, ಮುಚ್ಚಳ ಹಾಕಿದ, ಮುಂದಿನ ಪೆಟ್ಟಿಗೆಗೆ ಹೋದ. ಎಲ್ಲ ಮುಗಿಸಿ ಮನೆಗೆ ಬರುವಷ್ಟರಲ್ಲಿ ಸುಮಂತ ಜಹೀರಾಬಾದಿನ ತನ್ನ ಮೋಟಾರು ಪಂಪಿನ ಅಂಗಡಿಗೆ ಹೋಗಿಬಿಟ್ಟಿದ್ದ. ಹತ್ತಿ ಬಂತು, ಹತ್ತಿಯ ಹಿಂದೆ ಔಷಧಿ ಬಂತು. ಆ ವರ್ಷ ಹತ್ತೊಂಬತ್ತು ಪೆಟ್ಟಿಗೆಯ ಹುಳ ಬಾಗಿಲಲ್ಲೇ ಹೊಟ್ಟಿನ ಹಾಗೆ ಸತ್ತು ಬಿದ್ದವು. ಕಸಬರಿಗೆಯಿಂದ ಗುಡಿಸಿ ತುಂಬಿದ. ಆಗಲೂ ಬೈಯಲಿಲ್ಲ. ಉಳಿದ ಪೆಟ್ಟಿಗೆ ನೋಡಬೇಕಿತ್ತಲ್ಲ.

ಇದೆಲ್ಲ ಹೋಗಲಿ. ಗುರುಬಾಯಿಯನ್ನು ಹೈದರಾಬಾದಿನ ಆಸ್ಪತ್ರೆಯಲ್ಲಿಟ್ಟಿದ್ದಾಗ, ಹೊಲಕ್ಕೆ ಫೋನು ಬಂದದ್ದೂ ಬೆಳಗ್ಗೆ ಮುಚ್ಚಳ ಎತ್ತಿದ ಹೊತ್ತಿಗೇ. "ಅಪ್ಪಾ, ಡಾಕ್ಟರು ಇನ್ನ ಏನೂ ಉಪಯೋಗಿಲ್ಲ ಅಂದ್ರು. ನಾನೂ ಸುಮಂತನೂ ಮಾತಾಡೇವಿ. ಅವ್ವನ್ನ ಊರಿಗೆ ತರಾಕತ್ತೇವಿ" ಅಂದಿದ್ದಳು ಪ್ರಫುಲ್ಲಾ. ಇನ್ನೊಂದು ಆಸ್ಪತ್ರೆ ನೋಡಿ, ಇನ್ನೊಬ್ಬರನ್ನು ಕೇಳಿ, ನಾನು ಬರುವ ತನಕ ತಡೆಯಿರಿ ಎಂದು ಕೂಗಬೇಕಿತ್ತು. ಕೂಗಲಿಲ್ಲ. ಹೂಂ ಅಂದ. ಚೌಕಟ್ಟನ್ನು ಮೆಲ್ಲಗೆ ಇಳಿಸಿದ. ಸಂಜೆಗೆ ಆಂಬುಲೆನ್ಸು ಊರ ಮುಂದೆ ನಿಂತಿತ್ತು. ಅವಳು ಬದುಕುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು. ಕೇಳುವ ಹಕ್ಕು ಇವನಿಗಿತ್ತು. ಆ ಹಕ್ಕನ್ನು ಹೆತ್ತ ಮಕ್ಕಳು ಹೊತ್ತು ನೋಡಿ ಕದ್ದಿದ್ದರು.

ಅವನು ನೆನಪನ್ನೆಲ್ಲ ಜಾಲಾಡಿ ನೋಡಿದ. ಗುರುಬಾಯಿ ಒಂದೇ ಒಂದು ದಿನ ಪೆಟ್ಟಿಗೆಯ ಮುಂದೆ ಕೆಟ್ಟ ಸುದ್ದಿ ಹೇಳಿರಲಿಲ್ಲ. ಎಂಥ ಕೆಡುಕಿದ್ದರೂ ತಡೆದುಕೊಳ್ಳುತ್ತಿದ್ದಳು. ಅವನು ಮನೆಗೆ ಬಂದು ಕೈಕಾಲು ತೊಳೆಯಬೇಕು, ತಾಟಿನ ಮುಂದೆ ಕೂಡಬೇಕು, ಒಂದು ರೊಟ್ಟಿ ಹೊಟ್ಟೆಗೆ ಇಳಿಯಬೇಕು. ಆಮೇಲೆ ಎದುರಿಗೆ ಕೂತು, ಮುಖ ನೋಡಿ ಹೇಳುತ್ತಿದ್ದಳು. ಅವನು ಕೂಗಾಡುತ್ತಿದ್ದ. ಒಮ್ಮೆ ತಾಟನ್ನೇ ಎಸೆದಿದ್ದ. ಅವಳು ತಾಟು ತಂದು ತೊಳೆದು ಮತ್ತೆ ಮುಂದಿಟ್ಟು, "ಆತೇನು? ಇನ್ನ ಊಟಾ ಮಾಡ್ರಿ" ಅಂದಿದ್ದಳು. ಆ ಮನೆಯಲ್ಲಿ ಅವನ ಸಿಟ್ಟಿಗೆ ಮರ್ಯಾದೆ ಕೊಟ್ಟವಳು ಅವಳೊಬ್ಬಳೇ.

ಗುರುವಾರ ಬಂತು. ಬಸವಲಿಂಗಪ್ಪ ಎಂದಿನಂತೆ ತಲೆಗೆ ಬಟ್ಟೆ ಸುತ್ತಿಕೊಂಡು ಮೇಲೆ ಹೋದ, ಹೊಗೆ ಹಾಕಿದ, ಮುಚ್ಚಳ ಎತ್ತಿದ. ಮೊದಲ ಚೌಕಟ್ಟು ಕೈಗೆ ಬರುವುದಕ್ಕೂ ಪ್ರಫುಲ್ಲಾ ಚಹದ ಲೋಟ ಹಿಡಿದು ಮೆಟ್ಟಿಲು ಹತ್ತಿ ಬರುವುದಕ್ಕೂ ಸರಿಹೋಯಿತು.

"ಅಪ್ಪಾ, ಒಂದು ಮಾತು. ಊರಿನ ಹೊಲದ್ದು." ಅವಳು ನಾಲ್ಕು ಮಾರು ದೂರದಲ್ಲೇ ನಿಂತಳು. "ಆ ಕಡೆಲ್ಲಾ ವೆಂಚರ್ ಮಾಡಾಕತ್ತಾರ. ಹೊಲಾ ತುಂಡು ಮಾಡಿ ಮಾರೂ ಫಾರ್ಮ್ ಪ್ಲಾಟಂತ. ವೆಂಕಟೇಶ ಅಂತ ಒಬ್ಬಾಂವ ಬ್ರೋಕರ್, ಸುಮಂತಗ ಗುರುತಿನಾಂವ. ಹತ್ತೀಲೆ ಇನ್ನ ಏನೂ ಉಳಿಯಂಗಿಲ್ಲ ಅಪ್ಪಾ, ಮಾರೂದೇ ಚೊಲೋ ಅಂತ ನಾವಿಬ್ರೂ ಒಪ್ಪೇವಿ. ಹೊಲದ ಪಾಸ್‌ಬುಕ್ ನಿನ್ನ ಹೆಸರಿಲೆ ಐತಲ್ಲಾ, ಭಾನುವಾರ ಕಾಗದಾ ತಗೊಂಡು ಬರ್ತಾರ. ನೀ ಒಂದು ಸಹಿ ಮಾಡಬೇಕು."

ಬಸವಲಿಂಗಪ್ಪ ಚೌಕಟ್ಟನ್ನು ಬೆಳಕಿಗೆ ಹಿಡಿದ. ರಾಣಿ ಚೆನ್ನಾಗಿ ಮೊಟ್ಟೆ ಇಟ್ಟಿತ್ತು. "ನಿಮ್ಮವ್ವ?" ಎಂದಷ್ಟೇ ಕೇಳಿದ.

ಪ್ರಫುಲ್ಲಾ ಲೋಟವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಅಲ್ಲಿ ಅವರ ಗೇಟು ಬರ್ತೈತಂತ. ಹೊಂಗಿ ಗಿಡಾ ತಗೀತಾರ. ಅವ್ವನ ಗದ್ದಿಗಿ ಊರ ರುದ್ರಭೂಮಿಗೆ ಒಯ್ಯೂದು ಅಂತ ಮಾಡೇವಿ. ಸ್ವಾಮಿಗಳನ್ನೂ ಕೇಳೇವಿ ಅಪ್ಪಾ, ಒಂದು ಹಿಡಿ ಮಣ್ಣು ಒಯ್ದು ಪೂಜಾ ಮಾಡಿಸಿದ್ರ ಸಾಕಂತ. ಮತ್ತ... ಊರಾಗಿನ ಮೂರೂ ಪೆಟ್ಟಿಗಿ ಹುಳ ಹಾರಿ ಹೋದುವಂತ. ಸುಮಂತ ಹೇಳಂದ."

ಕೈಯಲ್ಲಿದ್ದ ಚೌಕಟ್ಟಿನ ಮೇಲೆ ಹುಳ ಗುಂಯ್ಯೆಂದು ದನಿ ಬದಲಿಸಿದವು. ಅವುಗಳಿಗೆ ಗೊತ್ತಾಯಿತು. ಅವನ ಕಿವಿಯ ಹಿಂದೆ ಒಂದು ಕಚ್ಚಿತು, ಮಣಿಕಟ್ಟಿಗೆ ಇನ್ನೊಂದು. ಮಗಳು ನಿಂತ ಜಾಗವನ್ನು ಅವನು ಒಮ್ಮೆ ಕಣ್ಣಳತೆ ಮಾಡಿದ. ಐವತ್ತಮೂರು ವರ್ಷದ ಹಿಂದೆ ಕೂಸು ಮಲಗಿದ್ದೂ ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿ. ಚೌಕಟ್ಟನ್ನು ಕೂದಲೆಳೆಯಷ್ಟೂ ಅಲುಗದಂತೆ ಒಳಗೆ ಇಳಿಸಿದ. ಮುಚ್ಚಳ ಹಾಕಿ ಅದರ ಮೇಲೆ ಕಲ್ಲಿಟ್ಟ.

"ಹೂಂ" ಅಂದ.

ಪ್ರಫುಲ್ಲಾಳ ಮುಖ ಅರಳಿತು. ಚಹದ ಲೋಟ ಟ್ಯಾಂಕಿನ ಕಟ್ಟೆಯ ಮೇಲಿಟ್ಟು ಇಳಿದಳು. ಮೆಟ್ಟಿಲ ತಿರುವಿನಲ್ಲೇ ಫೋನು ಹಚ್ಚಿದ್ದು ಅವನಿಗೆ ಕೇಳಿಸಿತು. "ಹೇಳಿದೆನೋ ಸುಮಂತ. ಏನೂ ಅನ್ನಲಿಲ್ಲ. ನಾ ಹೇಳಿದ್ದಿಲ್ಲೇನು, ಪೆಟ್ಟಿಗಿ ಇರಲಿ ಅಂತ?"

ಆಗ ಬಸವಲಿಂಗಪ್ಪನಿಗೆ ಎಲ್ಲ ಸ್ಪಷ್ಟವಾಯಿತು. ಹೊತ್ತು ಕಳೆಯಲಿ ಎಂದು ತಂದ ಪೆಟ್ಟಿಗೆಯಲ್ಲ ಅದು. ಎತ್ತಿಗೆ ಮೂಗುದಾರವಿದ್ದಂತೆ ಮುದುಕನಿಗೆ ಒಂದು ಪೆಟ್ಟಿಗೆ. ಅದು ಇರುವ ತನಕ ಇವನು ಗುರುವಾರದಿಂದ ಗುರುವಾರಕ್ಕೆ ತಣ್ಣಗಿರಲೇಬೇಕು. ಆ ಚಹವನ್ನು ಮಹಡಿಯಿಂದ ಕೆಳಕ್ಕೆ ಚೆಲ್ಲಿದ.

ಶುಕ್ರವಾರ ಅವನು ಬೀದಿಗಿಳಿದು ಸೂರಜನ ಬಂಡಿಯ ಹತ್ತಿರ ಬಹಳ ಹೊತ್ತು ನಿಂತು ಮಾತಾಡಿದ. ಶನಿವಾರ ಮುಸ್ಸಂಜೆ, ಹೊರಗೆ ಹೋದ ಹುಳವೆಲ್ಲ ಒಳಗೆ ಸೇರಿದ ಮೇಲೆ, ಪೆಟ್ಟಿಗೆಯ ಬಾಗಿಲಿಗೆ ಹಸಿ ಹುಲ್ಲು ತುರುಕಿದ. ಭಾನುವಾರ ಬೆಳಕು ಹರಿಯುವ ಮೊದಲೇ ಸೂರಜ್ ಆಟೋ ತಂದ. ಇಬ್ಬರೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೀಸರ ದಾಟಿ ಹೋದರು. ಪೇರಲ ಗಿಡಗಳ ನಡುವೆ ನೆರಳು ನೋಡಿ, ಬಾಗಿಲು ಮೂಡಲಕ್ಕೆ ಬರುವಂತೆ ಬಸವಲಿಂಗಪ್ಪ ತನ್ನ ಕೈಯಾರೆ ಅದನ್ನು ಇಟ್ಟ, ಹುಲ್ಲು ಕಿತ್ತ. ಹುಳ ಒಂದೊಂದೇ ಹೊರಬಂದು, ಪೆಟ್ಟಿಗೆಯ ಕಡೆ ಮುಖ ಮಾಡಿ ಹಾರಾಡಿ ಹೊಸ ಜಾಗ ಗುರುತು ಹಿಡಿದವು. ಅದನ್ನು ನೋಡುತ್ತ ಅವನಿಗೆ ಅಳು ಬಂತು. ಅತ್ತ. ಸೂರಜ್ ಬೇರೆ ಕಡೆ ಮುಖ ತಿರುಗಿಸಿಕೊಂಡ.

ಹೊರಡುವಾಗ ಬಸವಲಿಂಗಪ್ಪ ಅವನ ಹೆಗಲು ಹಿಡಿದು, ತನಗೆ ಬರುವ ಹಿಂದಿಯಲ್ಲಿ, ಒಂದು ಮಾತು ಎರಡು ಸಲ ಹೇಳಿದ. ಮನೆಯಲ್ಲಿ ಜಗಳವಿದ್ದರೆ ಮೊದಲು ಜಗಳ ಮುಗಿಸು, ಪೂರ್ತಿ ಮುಗಿಸು, ಆಮೇಲೆ ಪೆಟ್ಟಿಗೆಗೆ ಬಾ. ನುಂಗಿಕೊಂಡು ಬರಬೇಡ.

ಮನೆಗೆ ಬಂದಾಗ ಹತ್ತು ಗಂಟೆ. ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಸುಮಂತ ಇಸ್ತ್ರಿ ಅಂಗಿಯಲ್ಲಿ ಸೋಫಾದ ಮೇಲೆ, ಪಕ್ಕದಲ್ಲಿ ಬ್ರೋಕರ್ ವೆಂಕಟೇಶ, ಟೀಪಾಯಿಯ ಮೇಲೆ ಕಾಗದ, ಕಾಗದದ ಮೇಲೆ ಪೆನ್ನು. ತಿಪ್ಪೇಸ್ವಾಮಿ ಎದ್ದು ನಿಂತು, "ಎಲ್ಲಿಗೆ ಹೋಗಿದ್ರಿ ಮಾವ? ಬನ್ನಿ, ಕೂತ್ಕಳಿ" ಎಂದ. "ತಾತಗಾರು, ಒಕ್ಕ ಸಂತಕಂ ಅಂತೇ" ಎಂದು ತೆಲುಗಿನಲ್ಲಿ ಒಂದೇ ಒಂದು ಸಹಿ ಕೇಳಿ ವೆಂಕಟೇಶ ಹಲ್ಲು ಬಿಟ್ಟ.

ಬಸವಲಿಂಗಪ್ಪ ನೇರ ಒಳಗೆ ನಡೆದ. ಬಚ್ಚಲಿಗೆ ಹೋಗಿ ಕೈಕಾಲು ತೊಳೆದ. ಅಡುಗೆಮನೆಯಲ್ಲಿ ಇದ್ದ ರೊಟ್ಟಿ ಒಂದನ್ನು ತಾನೇ ತೆಗೆದುಕೊಂಡು, ಮೇಲೊಂದಿಷ್ಟು ಶೇಂಗಾ ಚಟ್ನಿಪುಡಿ ಹಾಕಿಕೊಂಡು, ಪಡಸಾಲೆಯ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಿಂದ. ಎಲ್ಲರೂ ನೋಡುತ್ತಿದ್ದರು. ತಾಟು ಪಕ್ಕಕ್ಕೆ ಸರಿಸಿ, "ಹಾಂ. ಈಗ ಹೇಳ್ರಿ" ಎಂದ.

ಸುಮಂತ ಕಾಗದ ಎತ್ತಿಕೊಂಡ. "ಅಪ್ಪಾ, ಅಕ್ಕ ಎಲ್ಲಾ ಹೇಳ್ಯಾಳಲ್ಲಾ. ಇಲ್ಲೊಂದು, ಇಲ್ಲೊಂದು ಸಹಿ..."

"ನಾ ಮಾಡೂದಿಲ್ಲ."

ದನಿ ಒಡೆದು ಕೀರಲಾಗಿ ಬಂತು. ರೂಢಿ ತಪ್ಪಿದ ಗಂಟಲು. ಸುಮಂತನ ತುಟಿಯ ಮೇಲೆ ಸಣ್ಣ ನಗು ಹಾದುಹೋಯಿತು, ಅದೇ ಸಾಕಾಯಿತು.

"ನಗತಿ? ನಗೋ ಮಗನ! ನಿಮ್ಮವ್ವನ್ನ ಅಗದು ಗೇಟ ಮಾಡ್ತಿ?" ಈ ಸಲ ದನಿ ಗೋಡೆಗೆ ಬಡಿದು ಬಂತು. "ದವಾಖಾನಿಂದ ಅಕಿನ್ನ ಹೊತ್ಕೊಂಡು ಬಂದಾಗ ನನ್ನ ಕೇಳಿದ್ರೇನು? ಬೇವಿನ ಗಿಡಾ ಕಡದಾಗ ಕೇಳಿದ್ರೇನು? ಹೊಲಕ್ಕ ಇಸಾ ಹಾಕಸಿದಾಗ ಕೇಳಿದ್ರೇನು? ನನ್ನ ಕೈಯಾಗ ಹುಳ ಇದ್ದಾಗ ಬಂದು ಹೇಳ್ತಿದ್ರಿ! ಗಂಡಸಾಗಿದ್ರ ನಾ ಬರೇ ಕೈಲೆ ಇದ್ದಾಗ ಬಂದು ಹೇಳಬೇಕಿತ್ತು! ನಾ ಸಾಧು ಅಲ್ಲೋ. ನಾ ಎಂದೂ ಸಾಧು ಇದ್ದಿಲ್ಲ. ಅಕಿಗೆ ಕೊಟ್ಟ ಮಾತಿಗೆ ಬಾಯಿ ಕಟಗೊಂಡು ಕುಂತಿದ್ದೆ, ಅದನ್ನ ನೀವು ಲಾಭಾ ಮಾಡಕೊಂಡ್ರಿ!"

ಕಾಗದವನ್ನು ಕಸಿದುಕೊಂಡು ಹರಿದ. ಹರಿದದ್ದನ್ನು ಇನ್ನೊಮ್ಮೆ ಹರಿದ. ವೆಂಕಟೇಶ ಚಪ್ಪಲಿ ಹುಡುಕತೊಡಗಿದ. ಸಂಯುಕ್ತಾ ಬಾಗಿಲಲ್ಲಿ ಬಾಯಿಗೆ ಕೈ ಅಡ್ಡ ಇಟ್ಟು ನಿಂತಿದ್ದಳು. ಅವಳು ಅಜ್ಜನ ಈ ಮುಖ ನೋಡಿರಲಿಲ್ಲ, ಗುರುಬಾಯಿ ತೀರಿಕೊಂಡ ಮೇಲೆ ಯಾರೂ ನೋಡಿರಲಿಲ್ಲ. ತಿಪ್ಪೇಸ್ವಾಮಿ ನೀರಿನ ಲೋಟ ಹಿಡಿದು ಬಂದವನು ಹತ್ತಿರ ಬರಲು ಹೆದರಿ ಅಲ್ಲೇ ನಿಂತ.

ಪ್ರಫುಲ್ಲಾ ಮಾತ್ರ ಮುಂದೆ ಬಂದಳು. ಕೂಸನ್ನು ರಮಿಸುವ ದನಿಯಲ್ಲಿ, "ಅಪ್ಪಾ, ಅಪ್ಪಾ, ಸಮಾಧಾನ. ಏಳು, ಮ್ಯಾಲ ಹೋಗೂಣು ನಡಿ. ಒಂದೀಟು ಪೆಟ್ಟಿಗಿ ತಗದು ನೋಡೂಯಂತಿ" ಎಂದು ಅವನ ರಟ್ಟೆಗೆ ಕೈ ಹಾಕಿದಳು.

"ಪೆಟ್ಟಿಗಿ ಇಲ್ಲ" ಎಂದ ಬಸವಲಿಂಗಪ್ಪ.

ಅವಳು ನಂಬಲಿಲ್ಲ. ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಓಡಿದಳು. ಮೇಲೆ ಅವಳು ಅತ್ತಿಂದಿತ್ತ ಓಡಾಡುವ ಸಪ್ಪಳ ಎಲ್ಲರಿಗೂ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಇಳಿದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಬರೇ ಇಟ್ಟಂಗಿ ಅದಾವ" ಎಂದಳು, ಯಾರಿಗೆಂದಿಲ್ಲದೆ.

"ಕೊಟ್ಟು ಬಂದೆ. ಇನ್ನ ನನಗ ಯಾವ ಗುರುವಾರನೂ ಇಲ್ಲ." ಬಸವಲಿಂಗಪ್ಪನ ದನಿ ಈಗ ಇಳಿದಿತ್ತು. ಸಿಟ್ಟು ಇಳಿದಿರಲಿಲ್ಲ. "ಬಾ. ಇಲ್ಲೆ ನನ್ನ ಎದುರಿಗೆ ಕೂಡು."

ಪ್ರಫುಲ್ಲಾ ಬಂದು ಕೂತಳು. ಗುರುಬಾಯಿ ಕೂಡುತ್ತಿದ್ದ ಹಾಗೆಯೇ, ಮೊಣಕಾಲು ಮಡಿಚಿ, ಸೆರಗು ಮುಂದಕ್ಕೆ ಎಳೆದುಕೊಂಡು. ಗುರುಬಾಯಿಯ ಕುತ್ತಿಗೆಯ ಮೇಲೆ ಎರಡು ಕಪ್ಪು ಚುಕ್ಕೆ ಸಾಯುವ ತನಕ ಉಳಿದಿದ್ದವು, ಆವತ್ತಿನ ಮುಳ್ಳಿನವು. ಅವು ಯಾಕಾದವು ಎಂದು ಪ್ರಫುಲ್ಲಾಳಿಗೂ ಗೊತ್ತಿತ್ತು, ಸಣ್ಣವಳಿದ್ದಾಗ ಬೆರಳಿಟ್ಟು ಎಣಿಸುತ್ತಿದ್ದಳು. ಬಸವಲಿಂಗಪ್ಪ ಮಗಳ ಕುತ್ತಿಗೆ ನೋಡಿದ. ಒಂದು ಕಲೆಯೂ ಇರಲಿಲ್ಲ.

"ಗುರುವಾರ ನಿಮ್ಮವ್ವನ ಗದ್ದಿಗಿ ವಿಷಯ ಏನೋ ಹೇಳಿದೆಲ್ಲಾ" ಎಂದ. "ಈಗ ನನ್ನ ಕೈಯಾಗ ಏನೂ ಇಲ್ಲ. ನನ್ನ ಮಾರಿ ನೋಡಿ, ಅದನ್ನ ಮತ್ತೊಮ್ಮೆ ಹೇಳು."

ಪ್ರಫುಲ್ಲಾ ಬಾಯಿ ತೆರೆದಳು. ಅವಳ ಕೈ ತಾನಾಗಿಯೇ ಕುತ್ತಿಗೆಯ ಹಿಂದಕ್ಕೆ ಹೋಯಿತು.

"ಹೇಳು" ಎಂದ ಬಸವಲಿಂಗಪ್ಪ, ಮತ್ತು ಕಾಯುತ್ತ ಕೂತ.